ಮೂರನೇ ತರಗತಿಯ ಕಳೆಯುವ ಲೆಕ್ಕವನ್ನು ಮನೆಯಲ್ಲಿ ಆಟವಾಡಿಸುತ್ತ ಕಲಿಸುವುದು ಹೇಗೆ?

ಪ್ರಶ್ನೆ

ನಮಸ್ಕಾರ. ನನ್ನ ಮಗಳು ಮೂರನೇ ತರಗತಿಯಲ್ಲಿದ್ದಾಳೆ. ಹತ್ತರವರೆಗಿನ ಮಗ್ಗಿಯನ್ನು ತಡವರಿಸದೆ ಒಪ್ಪಿಸುತ್ತಾಳೆ, ಕೂಡುವ ಲೆಕ್ಕವನ್ನೂ ಸರಿಯಾಗಿ ಮಾಡುತ್ತಾಳೆ. ಆದರೆ 52ರಲ್ಲಿ 27ನ್ನು ಕಳೆ ಎಂದರೆ 35 ಎಂದು ಬರೆಯುತ್ತಾಳೆ. ಎರಡರಲ್ಲಿ ಏಳು ಹೋಗುವುದಿಲ್ಲವಾದ್ದರಿಂದ ಏಳರಲ್ಲಿಯೇ ಎರಡನ್ನು ಕಳೆದುಬಿಡುತ್ತಾಳೆ. 'ಪಕ್ಕದಿಂದ ಸಾಲ ತೆಗೆದುಕೋ' ಎಂದು ಹೇಳಿಕೊಟ್ಟರೆ ಆ ಹೊತ್ತಿಗೆ ಸರಿಯಾಗುತ್ತದೆ, ಮರುದಿನ ಮತ್ತೆ ಅದೇ ಕಥೆ. ಇನ್ನೊಂದು ಅಭ್ಯಾಸ ಪುಸ್ತಕ ಕೊಡಿಸಲು ಮನಸ್ಸಿಲ್ಲ. ಮನೆಯಲ್ಲಿರುವ ಸಾಮಾನುಗಳಿಂದಲೇ ಮಾಡಿಸಬಹುದಾದ ಚಟುವಟಿಕೆಗಳಿದ್ದರೆ ದಯವಿಟ್ಟು ತಿಳಿಸಿ. ಒಂದನೇ ತರಗತಿಯ ಮಗನೂ ಜೊತೆಗೆ ಕೂರುವಂತಿದ್ದರೆ ಇನ್ನೂ ಒಳ್ಳೆಯದು.

ಉತ್ತರ 1 (ಪ್ರಾಥಮಿಕ ಶಾಲೆಯ ಶಿಕ್ಷಕಿ)

ಮೇಡಂ, ನಿಮ್ಮ ಮಗಳ 35ರ ಹಿಂದೆ ಒಂದು ನಿಯಮವಿದೆ: ಯಾವಾಗಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆಯಬೇಕು ಎಂದು ಅವಳು ತಿಳಿದಿದ್ದಾಳೆ. ಐವತ್ತೆರಡು ಎಂಬುದು ಅವಳಿಗೆ ಅಕ್ಕಪಕ್ಕ ನಿಂತ ಎರಡು ಅಂಕಿಗಳಾಗಿ ಕಾಣುತ್ತಿದೆಯೇ ಹೊರತು ಐದು ಹತ್ತುಗಳು ಮತ್ತು ಎರಡು ಬಿಡಿಗಳಾಗಿ ಕಾಣುತ್ತಿಲ್ಲ. ಹಿಡಿಸೂಡಿಯ ಕಡ್ಡಿಗಳನ್ನು ಗೇಣುದ್ದಕ್ಕೆ ಮುರಿದು, ಹತ್ತು ಹತ್ತು ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿ ಕಟ್ಟು ಮಾಡಿಸಿ; ಎಣಿಸಿ ಕಟ್ಟುವ ಕೆಲಸವನ್ನು ಚಿಕ್ಕವನಿಗೇ ವಹಿಸಿ, ಅವನ ತರಗತಿಗೆ ಅದೇ ಪಾಠ. ಅನಂತರ ಮಗಳ ಮುಂದೆ ಐದು ಕಟ್ಟು, ಎರಡು ಕಡ್ಡಿ ಇಟ್ಟು 'ನನಗೆ ಇಪ್ಪತ್ತೇಳು ಕೊಡು' ಎಂದು ಕೇಳಿ, ಸುಮ್ಮನಿರಿ. ಎರಡು ಕಟ್ಟುಗಳನ್ನು ಥಟ್ಟನೆ ಕೊಡುತ್ತಾಳೆ. ಏಳು ಬಿಡಿ ಕಡ್ಡಿ ಇಲ್ಲದೆ ಅಲ್ಲಿ ತಡೆಯುತ್ತಾಳೆ. ಈಗ ನೀವು ಬಾಯಿ ಬಿಡಬಾರದು. ಕಟ್ಟೊಂದರ ರಬ್ಬರ್ ಬ್ಯಾಂಡನ್ನು ಅವಳೇ ಬಿಚ್ಚಿದಾಗ ಎರಡು ಕಡ್ಡಿ ಹನ್ನೆರಡಾಗುತ್ತವೆ, ಏಳು ಕೊಟ್ಟರೆ ಐದು ಉಳಿಯುತ್ತವೆ, ಜೊತೆಗೆ ಎರಡು ಕಟ್ಟುಗಳು. ಕೆಲವು ದಿನ ಕಡ್ಡಿಯಲ್ಲಿಯೇ ಆಡಿಸಿ. ಆಮೇಲೆ ಕಡ್ಡಿಯಲ್ಲಿ ಮಾಡಿದ ಪ್ರತಿಯೊಂದು ಹೆಜ್ಜೆಯನ್ನು ಆಗಿಂದಾಗಲೇ ಸ್ಲೇಟಿನಲ್ಲಿಯೂ ಬರೆಸಿ; ಈ ನಡುವಿನ ಮೆಟ್ಟಿಲನ್ನು ಬಿಟ್ಟರೆ ಕಡ್ಡಿಯ ಲೆಕ್ಕ ಬೇರೆ, ಪುಸ್ತಕದ ಲೆಕ್ಕ ಬೇರೆ ಆಗಿಬಿಡುತ್ತದೆ. 'ಸಾಲ' ಎಂಬ ಮಾತನ್ನು ಸದ್ಯಕ್ಕೆ ಬಿಡಿ. ಇಲ್ಲಿ ಯಾರೂ ಸಾಲ ಕೊಡುತ್ತಿಲ್ಲ, ಯಾರೂ ತೀರಿಸುವುದೂ ಇಲ್ಲ.

ಉತ್ತರ 2 (ಮೊಮ್ಮಕ್ಕಳಿಗೆ ಪಾಠ ಹೇಳುವ ಅಜ್ಜ)

ಚಿಕ್ಕವನಿಗಾಗಿ ಚೌಕಾಬಾರ ಆಡಿಸಿರಿ. ಐದೈದು ಮನೆಗಳ ಚೌಕವನ್ನು ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದರೆ ಸಾಕು. ಕವಡೆ ಇಲ್ಲದಿದ್ದರೆ ನಾಲ್ಕು ಹುಣಸೆ ಬೀಜಗಳನ್ನು ಒಂದು ಮಗ್ಗುಲು ಬಿಳಿ ಕಾಣುವವರೆಗೆ ಕಲ್ಲಿಗೆ ತೇಯ್ದುಕೊಳ್ಳಿ. ಎಷ್ಟು ಬಿಳಿ ಮೇಲಾಗಿ ಬಿದ್ದವೋ ಅಷ್ಟು ಗರ; ನಾಲ್ಕೂ ಬಿಳಿಯಾದರೆ ಚೌಕ ಅಂದರೆ ನಾಲ್ಕು, ನಾಲ್ಕೂ ಕಪ್ಪಾದರೆ ಬಾರ ಅಂದರೆ ಎಂಟು. ನಮ್ಮ ಮನೆಯಲ್ಲಿ ಒಂದು ಕಟ್ಟಳೆಯಿದೆ: ಕಾಯನ್ನು ಮುಟ್ಟುವ ಮೊದಲೇ ಅದು ಯಾವ ಮನೆಗೆ ಹೋಗುತ್ತದೆಂದು ಬೆರಳಿಟ್ಟು ತೋರಿಸಬೇಕು, ತಪ್ಪಿದರೆ ಗರ ಹೋಯಿತು. ಒಂದೊಂದೇ ಮನೆ ಕುಟ್ಟುತ್ತ ಎಣಿಸುವ ಅಭ್ಯಾಸ ಇದರಿಂದ ತಾನಾಗಿಯೇ ಬಿಟ್ಟುಹೋಗುತ್ತದೆ. ಅಳಗುಳಿಮಣೆ ಇದ್ದರೆ ಅದೂ ಒಳ್ಳೆಯದೇ. ಹದಿನಾಲ್ಕು ಗುಳಿಗಳಿಗೆ ನಾಲ್ಕು ನಾಲ್ಕು ಕಾಳು ತುಂಬುವಾಗಲೇ ಒಟ್ಟು ಎಷ್ಟು ಬೇಕೆಂದು ಮಗಳನ್ನು ಕೇಳಬಹುದು.

ಉತ್ತರ 3

ಅಜ್ಜನವರ ಮಾತು ಒಪ್ಪತಕ್ಕದ್ದೇ, ಆದರೆ ಚೌಕಾಬಾರದಿಂದ 52−27ರ ತೊಡಕು ಬಿಡಿಸಲಾಗದು. ಯಾವ ತಪ್ಪಿಗೆ ಯಾವ ಆಟ ಎಂಬುದನ್ನು ನೋಡಿಕೊಳ್ಳಬೇಕು. ಇಲ್ಲವಾದರೆ ಮಕ್ಕಳಿಗೆ ಆಟ ಸಿಕ್ಕಿತು, ಲೆಕ್ಕ ಇದ್ದಲ್ಲೇ ಉಳಿಯಿತು. ಅಂದಹಾಗೆ, ಮಗ್ಗಿ ಬಾಯಿಪಾಠವನ್ನು ನಿಲ್ಲಿಸಬೇಡಿ. ಮುಂದೆ ಭಾಗಾಕಾರಕ್ಕೆ ಅದು ಬೇಕೇ ಬೇಕು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಕಡ್ಡಿಯಿಂದ ಎರಡಂಕಿಯ ಲೆಕ್ಕ ಹಿಡಿತಕ್ಕೆ ಬರುತ್ತಿದೆ. 402ರಲ್ಲಿ 157 ಕಳೆಯುವಂತಹ, ನಡುವೆ ಸೊನ್ನೆ ಇರುವ ಲೆಕ್ಕಕ್ಕೆ ಏನು ಮಾಡಲಿ? ನಾನೂರು ಕಡ್ಡಿ ಎಲ್ಲಿಂದ ತರುವುದು!

ಉತ್ತರ 1 (ಪ್ರಾಥಮಿಕ ಶಾಲೆಯ ಶಿಕ್ಷಕಿ)

ಅದಕ್ಕೆ ಚಿಲ್ಲರೆ ಅಂಗಡಿ ಆಟ ಸಾಕು. ರಟ್ಟಿನ ಚೂರುಗಳ ಮೇಲೆ 100, 10, 1 ಎಂದು ಬರೆದು ನೋಟು, ನಾಣ್ಯ ಮಾಡಿಕೊಳ್ಳಿ. ಮಗನನ್ನು ಚಿಲ್ಲರೆ ಕೊಡುವ ಬ್ಯಾಂಕಿನವನಾಗಿ ಕೂರಿಸಿ. ಮಗಳ ಕೈಯಲ್ಲಿ ನೂರರ ನಾಲ್ಕು ನೋಟು, ಒಂದರ ಎರಡು ನಾಣ್ಯ. ಏಳು ನಾಣ್ಯ ಕೊಡಬೇಕೆಂದರೆ ಹತ್ತರ ನೋಟೇ ಇಲ್ಲ. ಹಾಗಾಗಿ ನೂರರ ಒಂದು ನೋಟನ್ನು ಹತ್ತರ ಹತ್ತು ನೋಟುಗಳಾಗಿ, ಅವುಗಳಲ್ಲಿ ಒಂದನ್ನು ಹತ್ತು ನಾಣ್ಯಗಳಾಗಿ ಮುರಿಸಿಕೊಳ್ಳುತ್ತಾಳೆ. ಈಗ ನೂರರವು ಮೂರು, ಹತ್ತರವು ಒಂಬತ್ತು, ನಾಣ್ಯ ಹನ್ನೆರಡು. 157 ಕೊಟ್ಟ ಮೇಲೆ 245 ಉಳಿಯುತ್ತದೆ. ಸೊನ್ನೆಯ ಜಾಗದಲ್ಲಿ ಒಂಬತ್ತು ಎಲ್ಲಿಂದ ಬಂತೆಂಬುದನ್ನು ಅವಳಿಂದಲೇ ಹೇಳಿಸಿ.