ಉಪಮೆಯೋ ರೂಪಕವೋ: ಗುರುತಿಸುವುದು ಹೇಗೆ?

ಪ್ರಶ್ನೆ (ಬದಿಯಡ್ಕದಿಂದ ಒಬ್ಬ ತಾಯಿ): ಮಗಳು ಕನ್ನಡ ಮಾಧ್ಯಮದಲ್ಲಿ ಒಂಬತ್ತನೆಯ ತರಗತಿ. ಅಲಂಕಾರಗಳ ಲಕ್ಷಣವೆಲ್ಲ ಬಾಯಿಪಾಠ. ಪದ್ಯ ಕೊಟ್ಟರೆ ಮಾತ್ರ ತಬ್ಬಿಬ್ಬು. ಏನು ಮಾಡಲಿ?

ಪೆರ್ಲದ ತೋಟಗಾರ: ‘ಮುಖ ಕಮಲದಂತೆ’ ಎಂಬ ಹಳೆಯ ಉದಾಹರಣೆಯನ್ನು ಪಕ್ಕಕ್ಕಿಡಿ, ಅದು ಸವೆದು ಹೋಗಿದೆ. ‘ಅಜ್ಜನ ಅಂಗಿ ಬೋರ್ಡೋ ಸಿಂಪಡಿಸಿದ ಅಡಿಕೆಗೊನೆಯಂತೆ ನೀಲಿಯಾಗಿದೆ’ ಎನ್ನಿ (ಬೋರ್ಡೋ ಎಂದರೆ ಅಡಿಕೆಗೆ ಹೊಡೆಯುವ ನೀಲಿ ಔಷಧಿ). ಅಂಗಿ ಉಪಮೇಯ (ಯಾವುದನ್ನು ಹೋಲಿಸಿದೆಯೋ ಅದು), ಗೊನೆ ಉಪಮಾನ (ಯಾವುದಕ್ಕೆ ಹೋಲಿಸಿದೆಯೋ ಅದು), ನೀಲಿ ಸಮಾನಧರ್ಮ, ‘ಅಂತೆ’ ಉಪಮಾವಾಚಕ. ನಾಲ್ಕೂ ಇದ್ದರೆ ಪೂರ್ಣೋಪಮೆ. ಕವಿಗಳು ಒಂದೆರಡನ್ನು ನುಂಗಿಬಿಡುತ್ತಾರೆ, ಅದು ಲುಪ್ತೋಪಮೆ. ನುಂಗಿದ್ದೇನೆಂದು ಹುಡುಕಿಸಿ, ಮಜಾ ಇರುವುದೇ ಅಲ್ಲಿ.

ಕುಂಬಳೆಯ ನಿವೃತ್ತ ಅಧ್ಯಾಪಕ: ರೂಪಕದಲ್ಲಿ ‘ಅಂತೆ’ ಎಂಬ ಹೋಲಿಕೆಯಿಲ್ಲ, ಅಭೇದ: ಇದೇ ಅದು, ‘ಅಂಗಿಯೇ ಅಡಿಕೆಗೊನೆ’ ಎಂಬ ಹಾಗೆ. ಕುಮಾರವ್ಯಾಸನನ್ನು ‘ರೂಪಕ ಸಾಮ್ರಾಜ್ಯ ಚಕ್ರವರ್ತಿ’ ಎಂದದ್ದು ಸುಮ್ಮನೆಯಲ್ಲ. ಅವನ ಕಾವ್ಯದ ಗಮಕ (ರಾಗವಾಗಿ ಓದುವುದು) ಕೇಳಿಸಿ.

ತಾಯಿ: ಅಂಗಿಯ ಉದಾಹರಣೆ ಹಿಡಿಸಿತು. ಲುಪ್ತೋಪಮೆ ಪರೀಕ್ಷೆಗೆ ಬರುತ್ತದೆಯೇ?