ನನ್ನ ಕತೆಯ ಸಾಹುಕಾರ ಸಿನಿಮಾ ವಿಲನ್ ಆಗಿಬಿಟ್ಟಿದ್ದಾನೆ, ಏನು ಮಾಡಲಿ?

ಅಡಿಕೆಪುಡಿ:
ಒಂದು ಸಣ್ಣಕತೆ ಬರೆಯುತ್ತಿದ್ದೇನೆ. ಬಡ್ಡಿಗೆ ಸಾಲ ಕೊಡುವ ಸಾಹುಕಾರ, ಸಾಲ ತೀರಿಸಲಾಗದ ಒಂದು ಮನೆ. ನಾಲ್ಕನೇ ಸಲ ತಿದ್ದಿದ ಮೇಲೆ ಅಕ್ಕನಿಗೆ ಓದಲು ಕೊಟ್ಟೆ. ಎರಡು ಪುಟ ಓದಿ, "ಇವನು ಮೀಸೆ ತಿರುವೋದು ಒಂದು ಬಾಕಿ ಇದೆ ನೋಡು" ಅಂದಳು. ನಿಜವೇ. ಅವನು ಬಂದಾಗೆಲ್ಲ ಬೈಯುತ್ತಾನೆ, ಗಹಗಹಿಸಿ ನಗುತ್ತಾನೆ, ಕೊನೆಗೆ ಹಸು ಹೊಡೆದುಕೊಂಡು ಹೋಗುತ್ತಾನೆ. ಚಿಕ್ಕವನಿದ್ದಾಗ ಅವನಪ್ಪ ಹೊಡೆಯುತ್ತಿದ್ದ ಅಂತ ಒಂದು ಪ್ಯಾರಾ ಸೇರಿಸಿದೆ. ಅದು ತೇಪೆ ಹಾಕಿದ ಹಾಗೆ ಕಾಣುತ್ತೆ. ನೀವೆಲ್ಲ ಏನು ಮಾಡ್ತೀರಿ?

ಖಾಲಿಚೆಕ್:
ಮೊದಲು ಆ ಅಪ್ಪನ ಪ್ಯಾರಾ ತೆಗೆಯಿರಿ.

ನಮ್ಮಪ್ಪ ಒಬ್ಬರ ಹತ್ತಿರ ಬಡ್ಡಿಗೆ ತಂದಿದ್ದರು. ನೂರಕ್ಕೆ ತಿಂಗಳಿಗೆ 5 ರೂಪಾಯಿ. 10,000 ಅಂತ ಪತ್ರಕ್ಕೆ ಸಹಿ ಹಾಕಿಸಿ, ಮೊದಲ ತಿಂಗಳ ಬಡ್ಡಿ ಹಿಡಿದುಕೊಂಡು 9,500 ಕೈಗೆ ಕೊಟ್ಟರು. ಮೇಲೆ ಎರಡು ಖಾಲಿ ಚೆಕ್. ಆ ಮನುಷ್ಯ ಒಂದು ದಿನವೂ ದನಿ ಏರಿಸಿದ್ದು ನಾನು ಕೇಳಿಲ್ಲ. ತಿಂಗಳ ಮೊದಲ ಭಾನುವಾರ ಬರುತ್ತಿದ್ದರು. ಅಮ್ಮ ಕಾಫಿ ತಂದರೆ "ಸಕ್ಕರೆ ಹಾಕಿಲ್ಲ ತಾನೇ ತಾಯಿ, ಶುಗರ್ ಇದೆ" ಅನ್ನೋರು. ನನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕೇಳಿ ಖುಷಿಯಿಂದ 100 ರೂಪಾಯಿ ಕೊಟ್ಟರು. ಆ ದಿನವೇ ಅಪ್ಪನ ಕೈಯಿಂದ 500 ಎಣಿಸಿಕೊಂಡರು. ಒಂದು ನೋಟಿನ ಮೂಲೆ ಹರಿದಿತ್ತು. ಅದನ್ನು ವಾಪಸ್ ಕೊಟ್ಟು ಬೇರೆ ಕೇಳಿದರು. ಅಪ್ಪನ ಹತ್ತಿರ ಬೇರೆ ಇರಲಿಲ್ಲ. ನನಗೆ ಕೊಟ್ಟಿದ್ದ ನೋಟನ್ನೇ ಕೊಡಬೇಕಾಯಿತು.

ಅವರ ಲೆಕ್ಕದಲ್ಲಿ ಅವರು ಉಪಕಾರಿ. "ಬ್ಯಾಂಕಿನವರು ಬಾಗಿಲಲ್ಲೇ ನಿಲ್ಲಿಸಿದಾಗ ನಾನು ಕೊಟ್ಟೆ" ಅನ್ನುತ್ತಿದ್ದರು. ಅದು ಸುಳ್ಳೂ ಅಲ್ಲ, ಅದೇ ಕಷ್ಟ. ನಿಮ್ಮವನ ಕೈಗೆ ಹಸುವಿನ ಹಗ್ಗ ಬೇಡ, ಲೆಕ್ಕದ ಪುಸ್ತಕ ಕೊಡಿ.

ಹಳಗನ್ನಡಮೇಷ್ಟ್ರು:
ರನ್ನನ ಗದಾಯುದ್ಧ ತೆಗೆದು ನೋಡಿ. 10ನೇ ಶತಮಾನದ ಕವಿ. ದುರ್ಯೋಧನ ರಣರಂಗದಲ್ಲಿ ಹೆಣಗಳ ನಡುವೆ ನಡೆಯುವ ಭಾಗ ಓದಿದರೆ ಸಾಕು. ದುಶ್ಶಾಸನನ ಹೆಣದ ಮುಂದೆ ನಿಂತು ಅವನು ಅಳುವ ರೀತಿ ನೋಡಿ: ತಾಯಿಯ ಹಾಲು ಮೊದಲು ನಾನು ಕುಡಿದೆ, ಆಮೇಲೆ ನೀನು, ಉಣ್ಣುವಾಗಲೂ ಹಾಗೇ, ಸಾಯುವಾಗ ಮಾತ್ರ ಸರದಿ ತಪ್ಪಿಸಿ ಮುಂದೆ ಹೋಗಿಬಿಟ್ಟೆಯಲ್ಲ, ಅಂತ. ಅಣ್ಣತಮ್ಮಂದಿರ ಮನೆಯಲ್ಲಿ ಬೆಳೆದ ಯಾರಿಗಾದರೂ ಗಂಟಲು ಕಟ್ಟುತ್ತೆ. ಶತ್ರುವಿನ ಮಗ ಅಭಿಮನ್ಯುವನ್ನೂ ಹೊಗಳುತ್ತಾನೆ. ಆದರೆ ಇಷ್ಟೆಲ್ಲ ನೋಡಿದ ಮೇಲೂ ಸಂಧಿಗೆ ಮಾತ್ರ ಒಪ್ಪಲ್ಲ. ದ್ರೌಪದಿಯ ಬಾಕಿ ಹಾಗೇ ಉಳಿಯುತ್ತೆ, ತೊಡೆ ಮುರಿಯುತ್ತೆ.

ಚುರುಮುರಿ:
ಖಾಲಿಚೆಕ್ ಅವರೇ, ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಎಲ್ಲ ಕೇಡಿಗಳಿಗೂ ಕಾಫಿ ಕುಡಿಸುತ್ತಾ ಹೋದರೆ ಅದೂ ಜಾಸ್ತಿ ಆಗುತ್ತೆ. ಸಾಹುಕಾರ ಯಾರಿಗೆ ಹೆದರುತ್ತಾನೆ? ಅವನ ದುಡ್ಡೂ ಎಲ್ಲಿಂದಲೋ ಬರಬೇಕು ಅಲ್ವಾ? ಅದು ಗೊತ್ತಾಗದೆ ಬರೆಯಬೇಡಿ.

ಅಡಿಕೆಪುಡಿ:
ರಾತ್ರಿ ಕೂತು ಮತ್ತೆ ಬರೆದೆ. ಹಸು ಹೋಯಿತು, ನಗು ಹೋಯಿತು. ಚುರುಮುರಿ ಅವರೇ, ದುಡ್ಡು ಅವನ ಭಾವಮೈದುನನದ್ದು ಅಂತ ಮಾಡಿದ್ದೇನೆ. ಈಗ ಅವನು ಜಗಲಿಯಲ್ಲಿ ಕೂತು ಕನ್ನಡಕ ಒರೆಸಿಕೊಳ್ಳುತ್ತಾ, "ಮಗಳ ಮದುವೆ ಮುಗೀಲಿ ಬಿಡಿ, ಏನವಸರ" ಅಂತಾನೆ. ಮನೆಗೆ ಹೋಗಿ ಆ ತಿಂಗಳ ಬಡ್ಡಿಯನ್ನು ಅಸಲಿಗೆ ಸೇರಿಸಿ ಬರೆಯುತ್ತಾನೆ. ಅಕ್ಕನಿಗೆ ಕಳಿಸಿದೆ. "ಥೂ, ಇವನ ಮನೆ ಹಾಳಾಗ" ಅಂತ ಮೆಸೇಜ್ ಬಂತು.