ಮಾಳಿಗೆಯ ಕೂಲರ್‌ನಿಂದ ಮೂರು ಕೋಣೆಗಳಿಗೆ ಡಕ್ಟ್: ಅದನ್ನೇ ಮುಂದೆ ಎಸಿಗೂ ಬಳಸಬಹುದೇ?

ಪ್ರಶ್ನೆ – ಸೇಡಂ ರಸ್ತೆ ನಿವಾಸಿ, ಕಲಬುರಗಿ

ಎಲ್ಲರಿಗೂ ಶರಣು. ನಮ್ಮದು ಒಂದೇ ಅಂತಸ್ತಿನ ಆರ್‌ಸಿಸಿ ಮನೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟಿದಾಗ ರಾತ್ರಿ ಹನ್ನೊಂದಾದರೂ ಗೋಡೆಗಳು ಕಾವು ಬಿಡುತ್ತಲೇ ಇರುತ್ತವೆ. ಎಂಬತ್ತು ದಾಟಿದ ನಮ್ಮ ತಾಯಿಯವರು ಕಳೆದ ಬೇಸಿಗೆಯಲ್ಲಿ ಹಾಸಿಗೆ ಬಿಟ್ಟು, ಪಡಸಾಲೆಯ ಫರ್ಸಿಗೆ ನೀರು ಚಿಮುಕಿಸಿ ಅದರ ಮೇಲೆ ಮಲಗುತ್ತಿದ್ದರು. ಈ ಸಲ ಹಾಗಾಗಬಾರದೆಂದು, ಮಾಳಿಗೆಯ ಮೇಲೆ ದೊಡ್ಡ ಕೂಲರ್ ಕೂಡಿಸಿ ಜಿ.ಐ. (ಸತು ಲೇಪಿಸಿದ) ತಗಡಿನ ಡಕ್ಟ್, ಅಂದರೆ ಗಾಳಿ ಸಾಗಿಸುವ ಕೊಳವೆಯ ಮೂಲಕ 14×18 ಅಡಿಯ ಹಾಲಿಗೂ ತಲಾ 11×12 ಅಡಿಯ ಎರಡು ಮಲಗುವ ಕೋಣೆಗಳಿಗೂ ಗಾಳಿ ತರಬೇಕೆಂದಿದ್ದೇವೆ. ಎತ್ತರ ಎಲ್ಲೆಡೆ 10 ಅಡಿ.

ಕೆಲಸ ಒಪ್ಪಿಕೊಂಡವರು 12×12 ಇಂಚಿನ ಡಕ್ಟ್ ಸಾಕೆನ್ನುತ್ತಾರೆ. ಸ್ಲ್ಯಾಬ್ ಕೊರೆದು ಇಳಿಸುವುದಾಗಿಯೂ, ಮುಂದೆ ಎಸಿ ಹಾಕಿಸಿದರೆ ಇದಕ್ಕೇ ಜೋಡಿಸಬಹುದೆಂದೂ ಹೇಳುತ್ತಾರೆ. ಇದು ಸರಿಯೇ? ಚಳಿಗಾಲದಲ್ಲಿ ಇದೇ ಡಕ್ಟಿನಿಂದ ಬಿಸಿಗಾಳಿ ಪಡೆಯಲು ಸಾಧ್ಯವೇ?

ಉತ್ತರ 1 – ಡಕ್ಟ್ ಕೆಲಸದವರು, ಶಹಾಬಾದ್

ಶರಣು ಸರ್. ತಗಡು ಕತ್ತರಿಸುವ ಮೊದಲು ಗಾಳಿಯ ಲೆಕ್ಕ ಆಗಬೇಕು. ಕೂಲರ್ ಗಾಳಿ ಬರುವ ಕೋಣೆಯಲ್ಲಿ ಗಂಟೆಗೆ 20ರಿಂದ 30 ಸಲ ಗಾಳಿ ಬದಲಾಗಬೇಕು. ನಿಮ್ಮ ಮೂರೂ ಕೋಣೆಗಳು ಸೇರಿ 5,160 ಘನ ಅಡಿಯಾಗುತ್ತವೆ. 25 ಸಲವೆಂದು ಹಿಡಿದರೆ ನಿಮಿಷಕ್ಕೆ 2,150 ಘನ ಅಡಿ ಗಾಳಿ ಬೇಕು. 12×12 ಇಂಚೆಂದರೆ ಕೇವಲ ಒಂದು ಚದರ ಅಡಿ. ಅಷ್ಟು ಗಾಳಿ ಅದರೊಳಗೆ ನುಗ್ಗಬೇಕಾದರೆ ನಿಮಿಷಕ್ಕೆ 2,150 ಅಡಿ ವೇಗದಲ್ಲಿ ಓಡಬೇಕು. ಆ ವೇಗಕ್ಕೆ ತಗಡು ರಾತ್ರಿಯಿಡೀ ಗುಂಯ್‌ಗುಡುತ್ತದೆ, ಕೂಲರ್‌ನ ಫ್ಯಾನಿಗೆ ತಳ್ಳಲಾಗದೆ ಗಾಳಿಯೂ ಕಡಿಮೆಯಾಗುತ್ತದೆ. ವೇಗ 1,000 ಅಡಿಯ ಆಸುಪಾಸಿನಲ್ಲಿ ಇರಬೇಕೆಂದರೆ ಮುಖ್ಯ ಡಕ್ಟ್ 18×18 ಇಂಚು ಇರಲೇಬೇಕು. ಹಾಲ್‌ಗೆ ಹೋಗುವ ಗಾಳಿಯ ಪಾಲು ಕವಲೊಡೆದ ಮೇಲೆ ಅದನ್ನು 12×14ಕ್ಕೆ ಇಳಿಸಬಹುದು, ಪ್ರತಿ ಮಲಗುವ ಕೋಣೆಯ ಕವಲಿಗೆ 10×10 ಸಾಕು. ಗ್ರಿಲ್ (ಡಕ್ಟಿನ ಗಾಳಿ ಕೋಣೆಗೆ ಬರುವ ಬಾಯಿಯ ಜಾಲರಿ) ಮಾತ್ರ ಡಕ್ಟಿಗಿಂತ ದೊಡ್ಡದಿರಲಿ. 12×18 ಇಂಚಿನದಾದರೆ ಗಾಳಿ ಮೆಲ್ಲಗೆ ಬರುತ್ತದೆ.

ಸ್ಲ್ಯಾಬ್ ಕೊರೆಯಲು ದಯವಿಟ್ಟು ಒಪ್ಪಬೇಡಿ. ಒಳಗಿನ ಸರಳು ಕಡಿದರೆ ಅದನ್ನು ಮತ್ತೆ ಕೂಡಿಸಲಾಗದು, ಮೃಗಶಿರ ಮಳೆ ಬಿದ್ದೊಡನೆ ಅದೇ ಜಾಗ ಸೋರತೊಡಗುತ್ತದೆ. ಡಕ್ಟನ್ನು ಹೊರಗೋಡೆಗುಂಟ ಇಳಿಸಿ ವೆಂಟಿಲೇಟರ್ ಜಾಗದಿಂದ ಒಳಗೆ ತನ್ನಿ; ಜಾಗ ಚಿಕ್ಕದಿದ್ದರೆ ಗೌಂಡಿಯವರಿಂದ ಲಿಂಟಲ್ ಮುಟ್ಟದಂತೆ ಅಗಲ ಮಾಡಿಸಿಕೊಳ್ಳಿ. ಕೂಲರ್‌ನ ಬಾಯಿಗೂ ಡಕ್ಟಿಗೂ ನಡುವೆ ಗಟ್ಟಿ ಕ್ಯಾನ್ವಾಸ್ ತುಂಡು ಹಾಕಿಸಿದರೆ ಮೋಟಾರಿನ ನಡುಕ ಮನೆಯೊಳಗೆ ಬರುವುದಿಲ್ಲ. ತಗಡಿನ ದಪ್ಪ 24 ಗೇಜ್ ಇರಲಿ, ಜೋಡಣೆಗಳಿಗೆಲ್ಲ ಸೀಲಂಟ್ (ಸಂದಿ ಮುಚ್ಚುವ ಅಂಟು) ಬಳಿಯಲಿ. ಕೂಲರ್ ತೊಟ್ಟಿಯಲ್ಲಿ 200 ಲೀಟರ್ ನೀರೆಂದರೆ ಅದೇ 200 ಕಿಲೋ ಭಾರ. ಆದ್ದರಿಂದ ಸ್ಟ್ಯಾಂಡಿನ ಕಾಲುಗಳು ಕಿಟಕಿಯ ಮೇಲೆ ಚಾಚಿದ ಸಜ್ಜಾ ಮೇಲೆ ಬಾರದೆ ಗೋಡೆಯ ಅಥವಾ ಬೀಮಿನ ಮೇಲೆ ಕೂಡಬೇಕು.

ಉತ್ತರ 2 – ಯಾದಗಿರಿಯ ಗೃಹಿಣಿ

ನಮ್ಮ ಮನೆಯಲ್ಲಿ ಆದದ್ದನ್ನು ಹೇಳುತ್ತೇನೆ ಅಣ್ಣಾವರೇ, ನಿಮಗೆ ಹಾಗಾಗದಿರಲಿ. ಡಕ್ಟ್ ಹಾಕಿಸಿದ ಮೊದಲ ವಾರ ತಂಪು ಹೊರಗೆ ಹೋಗಬಾರದೆಂದು ಕಿಟಕಿಗಳನ್ನೆಲ್ಲ ಮುಚ್ಚಿಟ್ಟೆವು. ಮೂರನೆಯ ದಿನಕ್ಕೆ ಹಾಸಿಗೆ ಜಿಗುಟಾಯಿತು, ಕಪಾಟಿನಲ್ಲಿ ಮಡಿಚಿಟ್ಟ ಸೀರೆಗಳಿಂದ ಮುಗ್ಗಲು ವಾಸನೆ ಬಂತು, ಕೋಣೆಯ ಬಾಗಿಲು ತಾನಾಗಿ ದಢಾರನೆ ಬಡಿದುಕೊಳ್ಳತೊಡಗಿತು. ಜೋಡಿಸಿ ಹೋದವರು ಹೊರದಾರಿಯ ಮಾತನ್ನೇ ಎತ್ತಿರಲಿಲ್ಲ. ಕೂಲರ್ ಒಳಗೆ ತಳ್ಳಿದಷ್ಟೇ ಗಾಳಿ ಮನೆಯಿಂದ ಹೊರಗೆ ಹೋಗಬೇಕು. ಇಲ್ಲದಿದ್ದರೆ ತೇವವೆಲ್ಲ ಒಳಗೇ ಉಳಿಯುತ್ತದೆ. ಈಗ ಗ್ರಿಲ್ ಇರುವ ಗೋಡೆಗೆ ಎದುರಿನ ಕಿಟಕಿಯನ್ನು ನಾಲ್ಕು ಇಂಚು ತೆರೆದಿಡುತ್ತೇವೆ. ನಾಲ್ಕು ಅಡಿ ಎತ್ತರದ ಕಿಟಕಿಗೆ ಅದು ಸುಮಾರು ಒಂದೂಕಾಲು ಚದರ ಅಡಿಯ ದಾರಿ, ನಿಮ್ಮ ಒಂದೊಂದು ಮಲಗುವ ಕೋಣೆಗೆ ಸಾಕು. ಊದಿನಕಡ್ಡಿ ಹಚ್ಚಿ ಕಿಟಕಿಯ ಸಂದಿಗೆ ಹಿಡಿದು ನೋಡಿ: ಹೊಗೆ ಹೊರಗೆ ಎಳೆದುಕೊಂಡು ಹೋದರೆ ದಾರಿ ಸರಿಯಿದೆ, ಅಲ್ಲೇ ಸುತ್ತಿದರೆ ಇನ್ನಷ್ಟು ತೆರೆಯಬೇಕು. ಅಡುಗೆಮನೆಗೆ ಮಾತ್ರ ಗ್ರಿಲ್ ಬೇಡ, ಒಲೆಯ ಉರಿ ಓಲಾಡುತ್ತದೆ.

ನೀರಿನ ವಿಚಾರವನ್ನೂ ಮೊದಲೇ ಯೋಚಿಸಿ. ಇಷ್ಟು ದೊಡ್ಡ ಕೂಲರ್ ಕಡುಬಿಸಿಲಿನಲ್ಲಿ ಗಂಟೆಗೆ 25 ಲೀಟರಿಗೂ ಹೆಚ್ಚು ನೀರು ಕುಡಿಯುತ್ತದೆ. ನಮ್ಮ ಬೋರಿನ ನೀರು ಗಡಸು. ನೀರು ಆರುತ್ತ ಹೋದಂತೆ ಉಪ್ಪು ಉಳಿದು ಎರಡೇ ತಿಂಗಳಲ್ಲಿ ಕೂಲರ್‌ನ ಪ್ಯಾಡಿನ (ಗಾಳಿ ಹಾದು ತಣಿಯುವ ಒದ್ದೆ ಹಾಸಿನ) ಮೇಲೆ ಸುಣ್ಣದ ಪದರ ಕಟ್ಟಿತ್ತು. ವಾರಕ್ಕೊಮ್ಮೆ ತೊಟ್ಟಿಯ ನೀರನ್ನು ಪೂರ್ತಿ ಬಿಟ್ಟು ತೊಳೆಯಬೇಕು.

ಉತ್ತರ 3 – ಎಸಿ ತಂತ್ರಜ್ಞ, ಬೀದರ್

ಎಸಿ ಜೋಡಿಸುವ ಮಾತನ್ನು ನಾನು ಒಪ್ಪುವುದಿಲ್ಲ. ಕೂಲರ್ ಹೊರಗಿನ ಒಣಗಾಳಿಯನ್ನು ತೋಯಿಸಿ ಒಳಗೆ ಕಳಿಸುತ್ತದೆ. ಎಸಿ ಮನೆಯೊಳಗಿನ ಗಾಳಿಯನ್ನೇ ಮರಳಿ ಎಳೆದುಕೊಂಡು ತಣಿಸುತ್ತದೆ. ಹೀಗಾಗಿ ಎಸಿಗೆ ಕಿಟಕಿ ಮುಚ್ಚಿರಬೇಕು, ಗಾಳಿ ಮರಳುವ ಪ್ರತ್ಯೇಕ ಡಕ್ಟ್ ಇರಬೇಕು. ಅದು ನಿಮ್ಮ ಯೋಜನೆಯಲ್ಲಿಲ್ಲ. ಎಸಿಯ ತಣಿಸುವ ಸಾಮರ್ಥ್ಯವನ್ನು ಅಳೆಯುವ ಒಂದು ಟನ್ನಿಗೆ ನಿಮಿಷಕ್ಕೆ ಸುಮಾರು 400 ಘನ ಅಡಿ ಗಾಳಿ ಸಾಕಾಗುವುದರಿಂದ, ಕೂಲರಿಗೆಂದು ಮಾಡಿಸಿದ ಅಗಲ ಡಕ್ಟಿನಲ್ಲಿ ಎಸಿಯ ಗಾಳಿ ವೇಗ ಕಳೆದುಕೊಂಡು ಗ್ರಿಲ್ಲಿನ ಕೆಳಗೇ ಕುಸಿಯುತ್ತದೆ. ಮೇಲಾಗಿ, ಹೊದಿಕೆಯಿಲ್ಲದ ತಗಡಿನಲ್ಲಿ 14 ಡಿಗ್ರಿಯ ಗಾಳಿ ಹರಿದರೆ ಮಳೆಗಾಲದಲ್ಲಿ ಡಕ್ಟ್ ಮೈಯೆಲ್ಲ ಬೆವರಿ ಗೋಡೆಗೆ ಹನಿಯುತ್ತದೆ.

ನಿಮ್ಮ ಊರಿನ ಒಣ ಬೇಸಿಗೆಗೆ ಕೂಲರೇ ಒಳ್ಳೆಯದು. ಹೊರಗೆ 42 ಡಿಗ್ರಿ ಇದ್ದು ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ 22 ತೋರಿಸುವ ದಿನ, ಒಳ್ಳೆಯ ಪ್ಯಾಡ್ ಆ ಅಂತರದ ಶೇ. 80ರಷ್ಟನ್ನು ಇಳಿಸಿ 26 ಡಿಗ್ರಿಯ ಗಾಳಿ ಕೊಡುತ್ತದೆ. ಆದರೆ ಆ ಗಾಳಿ ಬಿಸಿಲಿಗೆ ಕಾದ ತಗಡಿನಲ್ಲಿ ಮತ್ತೆ ಬಿಸಿಯಾಗದಂತೆ ಮಾಳಿಗೆಯ ಮೇಲಿನ ಡಕ್ಟಿಗೆ ನೈಟ್ರೈಲ್ ರಬ್ಬರ್ ಹೊದಿಕೆ ಹಾಕಿಸಿ, ಉದ್ದ ಕಡಿಮೆ ಮಾಡಿಸಿ. ಎಸಿ ಬೇಕೆನಿಸಿದರೆ ತಾಯಿಯವರ ಕೋಣೆಗೆ ಒಂದು ಸ್ಪ್ಲಿಟ್ ಸಾಕು. ಅದು ಬಿಸಿಗಾಳಿಯನ್ನೂ ಕೊಡುವ ಮಾದರಿಯದಾದರೆ ಡಿಸೆಂಬರಿನ ಚಳಿಗೂ ಆಗುತ್ತದೆ. ಅದಕ್ಕೆಂದು ಡಕ್ಟ್ ಎಳೆಸುವ ಖರ್ಚು ಬೇಡ.

ಪ್ರಶ್ನೆ ಕೇಳಿದವರು

ಮೂವರಿಗೂ ಶರಣಾರ್ಥಿ. ಮನೆಯ ಹಳೆಯ ಚಿಕ್ಕ ಕೂಲರ್ ಹಚ್ಚಿ ಅಕ್ಕಾವರು ಹೇಳಿದಂತೆ ಊದಿನಕಡ್ಡಿ ಹಿಡಿದು ನೋಡಿದೆ: ಕಿಟಕಿ ಮುಚ್ಚಿದಾಗ ಹೊಗೆ ಚಾವಣಿಯ ಕೆಳಗೇ ಸುತ್ತುತ್ತಿತ್ತು, ನಾಲ್ಕು ಬೆರಳಷ್ಟು ತೆರೆದೊಡನೆ ನೂಲಿನಂತೆ ಹೊರಗೆ ಹೋಯಿತು. ಡಕ್ಟ್ 18×18 ಎಂದು ಬರೆದುಕೊಟ್ಟಿದ್ದೇನೆ, ಸ್ಲ್ಯಾಬ್ ಕೊರೆಯುವುದನ್ನು ನಿಲ್ಲಿಸಿದ್ದೇನೆ. ತಾಯಿಯವರ ಮೈಮೇಲೆ ಗಾಳಿ ನೇರವಾಗಿ ಬೀಸದಂತೆ, ಅವರ ಕೋಣೆಯ ಗ್ರಿಲ್ಲಿಗೆ ತಿರುಗಿಸಬಹುದಾದ ಪಟ್ಟಿಗಳನ್ನು ಹಾಕಲು ಹೇಳಿದ್ದೇನೆ.